ತಟ್ಟೆಯ ಮೇಲಿನ ಅಂಗೈ

ಎರಡನೇ ಹೋಳಿಗೆ ತಟ್ಟೆಗೆ ಬೀಳುವ ಮೊದಲೇ ಅವನ ಅಂಗೈ ಅಡ್ಡ ಬಂತು!

ಸಿರುಗುಪ್ಪದ ಆ ನಡುಮನೆಯ ಬಾಗಿಲಲ್ಲಿ ನಿಂತು ಪಂಪಾವತಿ ಅದನ್ನು ನೋಡಿದಳು. ಅವಳ ತಾಯಿ ಚನ್ನವೀರಮ್ಮ ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ತುಪ್ಪದ ಬಟ್ಟಲು ಹಿಡಿದು ಹಾಗೇ ನಿಂತುಬಿಟ್ಟರು.

"ಸಾಕ್ರೀ ಅಮ್ಮಾರ, ಹೊಟ್ಟಿ ತುಂಬೈತಿ," ಎಂದ ದೊಡ್ಡಬಸವರಾಜ.

ಕುರುಗೋಡಿನ ಕಾಲೇಜಿನಲ್ಲಿ ಪಾಠ ಹೇಳುವ ಈ ವರ ಹೆಣ್ಣು ನೋಡಲು ಬಂದಿದ್ದ. ಭತ್ತದ ಸೀಮೆಯ ಆ ಮನೆಯಲ್ಲಿ ಪ್ರೀತಿ ಎಂದರೆ ಎರಡನೇ ಸಲ ಬಡಿಸುವುದು. ಸಂಬಂಧ ಒಪ್ಪಿದವರು ಹೊಟ್ಟೆ ತುಂಬ ಸಿಹಿ ಉಂಡು ಏಳುತ್ತಾರೆ, ಒಪ್ಪದವರು ಏನೋ ನೆಪ ಹೇಳಿ ಕೈ ಅಡ್ಡ ಹಿಡಿಯುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತಟ್ಟೆ ನೋಡಿಯೇ ತಿಳಿದುಕೊಳ್ಳುತ್ತಾರೆ.

ಬಂದವರ ಕಾರು ಓಣಿ ದಾಟುವ ಮೊದಲೇ ಚನ್ನವೀರಮ್ಮ ತೀರ್ಮಾನ ಕೊಟ್ಟಾಗಿತ್ತು. ಹುಡುಗನಿಗೆ ಹುಡುಗಿ ಹಿಡಿಸಿಲ್ಲ. ಸಂಬಂಧ ತಂದಿದ್ದ ಅಯ್ಯಣ್ಣನೂ ತಲೆಯಾಡಿಸಿದ. ಆ ಕಡೆಯವರೂ ಇವರ ಮುಖ ಬಾಡಿದ್ದು ಕಂಡು, ಹೆಣ್ಣಿನವರಿಗೇ ಮನಸ್ಸಿಲ್ಲ ಎಂದು ಸುಮ್ಮನಾದರು.

ಪಂಪಾವತಿ ಕನ್ನಡಿಯ ಮುಂದೆ ನಿಂತು ಸೀರೆಯ ಪಿನ್ನು ತೆಗೆದಳು. ತುಂಬಿದ ಮೈಯ ಹುಡುಗಿ ಅವಳು. 'ಅವನೋ ಕಡ್ಡಿಯಂಗ ಅದಾನ. ನನ್ನ ನೋಡಿದ ಕೂಡಲೇ ಅವಂಗ ಹೊಟ್ಟಿ ತುಂಬಿರಬೇಕು...' ಎಂದುಕೊಂಡಳು. ನಗು ಬರಬೇಕಿತ್ತು, ಅಳು ಬಂತು. ಯಾಕೆಂದರೆ ಅವಳ ಕೆಲಸದ ಬಗ್ಗೆ ಅಷ್ಟು ಆಸಕ್ತಿಯಿಂದ ಕೇಳಿದ ಮೊದಲ ಗಂಡು ಅವನೇ, ಮತ್ತು ಅವನು ಅವಳಿಗೆ ಇಷ್ಟವಾಗಿದ್ದ.

ಅವಳ ಕೆಲಸ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ. ತಯಾರಾದ ಪ್ಯಾಂಟುಗಳ ಹೊಲಿಗೆ ನೋಡಿ ಪಾಸು ಮಾಡಬೇಕು. ಘಟಕದ ಮುಂಭಾಗದ ಅಂಗಡಿಯಲ್ಲಿ ರಿಪೇರಿಗೂ ಬಟ್ಟೆ ತೆಗೆದುಕೊಳ್ಳುತ್ತಾರೆ. ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಮುಂದೆ ಮೊಣಕಾಲು ಹರಿದ ಪ್ಯಾಂಟೊಂದು ಬಂತು. ತಲೆ ಎತ್ತಿದರೆ... ಅವನೇ!

ಕುರುಗೋಡಿನಲ್ಲಿ ಟೈಲರ್ ಸಿಗಲಿಲ್ಲವೇ ಎಂದು ಕೇಳುವಷ್ಟು ಸಿಟ್ಟಿತ್ತು. ಆದರೆ ಕೈ ತನ್ನ ಅಭ್ಯಾಸದಂತೆ ಪ್ಯಾಂಟನ್ನು ಒಳಮಗ್ಗುಲಿಗೆ ತಿರುವಿತು.

ಸೊಂಟವನ್ನು ಬಿಚ್ಚಿ, ಗೇಣಗಲ ಬಟ್ಟೆ ತೆಗೆದು, ಮತ್ತೆ ಹೊಲಿದಿದ್ದರು. ಅಂಥದ್ದನ್ನು ಅವಳು ಬಹಳ ಕಂಡಿದ್ದಳು. ಸಣ್ಣಗಾದ ಸಂಭ್ರಮದಲ್ಲಿ ಪ್ಯಾಂಟಿನ ಸೊಂಟ ಹಿಡಿಸಿ ಕಿರಿದು ಮಾಡಿಸಿಕೊಂಡವರು ಮತ್ತೆ ದಪ್ಪಗಾಗಿ ಯುಗಾದಿಗೋ ದೀಪಾವಳಿಗೋ ಬಿಚ್ಚಿಸಲು ಬಂದೇ ಬರುತ್ತಿದ್ದರು. ಈ ಹೊಲಿಗೆ ಮಾತ್ರ ಒಮ್ಮೆಯೂ ಬಿಚ್ಚಿರಲಿಲ್ಲ. ಉಳಿದ ಬಟ್ಟೆಯ ಜೊತೆಗೇ ಒಗೆದು ಒಗೆದು ಬೆಳ್ಳಗಾಗಿತ್ತು.

"ಇದನ್ನ ಹಿಡಿಸಿ ಭಾಳ ವರ್ಷ ಆಗಿರಬೇಕಲ್ರೀ?" ಸಿಟ್ಟು ಮರೆತು ಕೇಳಿದಳು.

"ಐದು ವರ್ಷ ಆತ್ರೀ. ಆವಾಗ ನಾನು ನಮ್ಮೂರ ಗುಡಿಯಾಗಿನ ದೊಡ್ಡ ಕಲ್ಲಿನ ಬಸವಣ್ಣನಂಗ ಇದ್ದೆ," ಎಂದು ನಕ್ಕ.

ನಗುತ್ತಲೇ ಎಲ್ಲ ಹೇಳಿದ. ಎರಡು ಸಲ ಉಪವಾಸ ಬಿದ್ದು ಕರಗಿದ್ದನಂತೆ, ಎರಡು ಸಲವೂ ಬೊಜ್ಜು ಬಡ್ಡಿ ಸಮೇತ ತಿರುಗಿ ಬಂದಿತ್ತು. ಮೂರನೇ ಸಲ ಡಾಕ್ಟರು ಬುದ್ಧಿ ಹೇಳಿದ ಮೇಲೆ ಉಪವಾಸ ಬಿಟ್ಟ. ಅನ್ನ ಅರ್ಧ ಮಾಡಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳುಪಲ್ಯ ಹಿಡಿದ. ನಿಧಾನಕ್ಕೆ ಇಳಿದ. ಇಳಿದ ಮೇಲೂ ಹಳೆಯ ತಟ್ಟೆಗೆ ಹಿಂದಿರುಗಲಿಲ್ಲ. ಮಂಡಕ್ಕಿ ಒಗ್ಗರಣೆ ಜೊತೆ ಒಂದು ಮಿರ್ಚಿ ಬಜ್ಜಿ, ಹಬ್ಬಕ್ಕೆ ಒಂದು ಹೋಳಿಗೆ ಖುಷಿಯಿಂದ ತಿನ್ನುತ್ತಾನೆ. ಎರಡನೆಯದು ಬಂದರೆ ಕೈ ಅಡ್ಡ.

ಪಂಪಾವತಿ ಅವನನ್ನೇ ನೋಡುತ್ತ ನಿಂತಳು. ಐದು ವರ್ಷ! ಎಷ್ಟು ಮದುವೆ ಮನೆ, ಎಷ್ಟು ಮಂದಿ ಅತ್ತೆ-ಚಿಕ್ಕಮ್ಮಂದಿರ ಮುನಿಸು... ಎಲ್ಲದರ ಮುಂದೆ ಒಬ್ಬನೇ ಅಂಗೈ ಚಾಚಿ ಕೂತ ಮನುಷ್ಯ ಇವನು. ಅವಳಿಗೆ ಅವನ ಮೇಲೆ ಹೆಮ್ಮೆ ಎನಿಸಿತು.

"ಹಂಗಾರ ನಮ್ಮನ್ಯಾಗ... ನಾ ದಪ್ಪ ಅದೀನಿ ಅಂತ ಅಲ್ಲೇನ್ರೀ?"

ಅವನ ನಗು ನಿಂತಿತು. "ದಪ್ಪ ಇದ್ದೋರಿಗೆ ಮಂದಿ ಏನೇನಂತಾರ, ನನಗ ಗೊತ್ತಿಲ್ಲೇನ್ರೀ? ಮೊದಲನೇ ಹೋಳಿಗಿ ಪೂರ್ತಿ ಉಂಡಿದ್ದೆ. ಒಪ್ಪಿದ್ದಕ್ಕೇ ಉಂಡೆ. ಅದನ್ನ ಯಾರೂ ನೋಡ್ಲೇ ಇಲ್ಲ."

ಅವಳು ಆ ಹಳೆಯ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇನ್ನೊಂದು ಉಂಡು ನಿಮ್ಮ ಅವ್ವಾರನ್ನ ಖುಷಿ ಮಾಡಬಹುದಿತ್ತು. ಆದ್ರ ಮದುವಿ ಆದಮ್ಯಾಲೂ ದಿನಾ ಸಾಕು ಅನ್ನಾಂವ ನಾನು. ಮೊದಲನೇ ದಿನಾನೇ ನಿಮಗ ತಿಳೀಲಿ ಅಂತ... ನಿಮ್ಮ ತಟ್ಟಿ ನಿಮ್ಮದು ರೀ. ನನ್ನ ತಟ್ಟಿ ನನಗ ಬಿಟ್ರ ಸಾಕು."

ಆ ಪ್ಯಾಂಟನ್ನು ಅವಳು ಬೇರೆ ಯಾರ ಕೈಗೂ ಕೊಡದೆ ತಾನೇ ಹೊಲಿದುಕೊಟ್ಟಳು.

ಸಂಜೆ ಮನೆಯಲ್ಲಿ ತಾಯಿಗೆ ಎಲ್ಲ ಬಿಡಿಸಿ ಹೇಳಿದಳು. ಚನ್ನವೀರಮ್ಮ ಅರ್ಧ ನಂಬಿದರು. ಒಪ್ಪಿದ ಮನುಷ್ಯ ಅತ್ತೆಯ ಕೈಯ ಹೋಳಿಗೆ ಬೇಡ ಎನ್ನುವುದುಂಟೇ ಎಂಬುದು ಅವರ ವಾದ. ನೋಡೇಬಿಡೋಣ ಎಂದು ಮುಂದಿನ ಸೋಮವಾರ ಕುರುಗೋಡಿನವರನ್ನು ಮತ್ತೆ ಊಟಕ್ಕೆ ಕರೆಸಿದರು.

ಅದೇ ನಡುಮನೆ, ಅದೇ ಸಾಲು. ದೊಡ್ಡಬಸವರಾಜ ಮೊದಲ ಹೋಳಿಗೆಯನ್ನು ಚೂರೂ ಬಿಡದೆ ಉಂಡ. ಈ ಸಲ ಎಲ್ಲರೂ ನೋಡಿದರು. ಚನ್ನವೀರಮ್ಮ ಎರಡನೆಯದನ್ನು ಹಿಡಿದು ಬಂದು ಬಾಗಿದರು, ತುಪ್ಪದ ಬಟ್ಟಲೂ ಬಾಗಿತು. ಅವನು ಕಸಿವಿಸಿಯಿಂದ ಕೈ ಎತ್ತಬೇಕು, ಅಷ್ಟರಲ್ಲಿ ಇನ್ನೊಂದು ಅಂಗೈ ಅವನ ತಟ್ಟೆಯನ್ನು ಮುಚ್ಚಿತು.

ಬಳೆ ತೊಟ್ಟ ಕೈ. ಪಂಪಾವತಿಯ ಕೈ!

"ಸಾಕವ್ವ," ಎಂದಳು ಮೆಲ್ಲಗೆ. "ಅವರದು ಊಟ ಆಗೈತಿ."

ಚನ್ನವೀರಮ್ಮ ಮಗಳ ಮುಖ ನೋಡಿದರು, ಅಳಿಯನ ಖಾಲಿ ತಟ್ಟೆ ನೋಡಿದರು. ಕಣ್ಣು ತುಂಬಿಕೊಂಡು, ಆ ಹೋಳಿಗೆಯನ್ನು ಬುಟ್ಟಿಗೆ ಹಿಂದಿರುಗಿಸಿದರು. ಆ ಮನೆಯಲ್ಲಿ ಎತ್ತಿದ ಹೋಳಿಗೆ ಬುಟ್ಟಿಗೆ ಮರಳಿದ್ದು ಅದೇ ಮೊದಲು.

"ನಿಮ್ಮ ಕೈಮ್ಯಾಲೆ ತುಪ್ಪ ಬಿತ್ತಲ್ರೀ..." ಎಂದ ಅವನು.

"ಬೀಳ್ಲಿ ಬಿಡ್ರಿ. ಇನ್ನ ನೀವೊಬ್ರೇ ಕೈ ಅಡ್ಡ ಹಿಡಿಯೋದು ಬ್ಯಾಡ. ನಾ ಅದೀನಿ."