ಹೆಜ್ಜೆ ಮಣ್ಣು

“ಈ ಅಂಗಳದಾಗೆ ಎಜ್ಜೆ ಬಿಟ್ಟು ಓಗಬ್ಯಾಡ ಕಣವ್ವ,” ಎಂದಳು ಪಕ್ಕದ ಮನೆಯ ಮಾರಕ್ಕ, ಬಾವಿಯಿಂದ ಕೊಡ ಎತ್ತುತ್ತ. “ನಿನ್ಗಿಂತ ಮುಂಚೆ ಇದ್ದೋಳು, ಆ ಪಿಳ್ಳಮ್ಮ, ಬಿಟ್ಳು. ಅವ್ಳ ಎಜ್ಜೆ ಮಣ್ಣು ಯಾರೋ ಬಗೆದ್ಕೊಂಡೋದ್ರು. ಅಂಗಾಲು ಉರಿ ಅಂತ ಮಲಗ್ದೋಳು ಏಳ್ನೇ ಇಲ್ಲ.”

ಭಾಗ್ಯಮ್ಮ ನಕ್ಕುಬಿಟ್ಟಳು. “ಮಣ್ಣು ತಗೊಂಡೋಗಿ ಏನ್ ಮಾಡ್ತಾರೆ ಮಾರಕ್ಕ? ಮಡಕೆ ಮಾಡ್ತಾರಾ?”

ಮಾರಕ್ಕ ನಗಲಿಲ್ಲ. ಕೊಡವನ್ನು ಸೊಂಟಕ್ಕೇರಿಸಿ ಹೊರಟುಹೋದಳು.

ಭಾಗ್ಯಮ್ಮ ಸರ್ಜಾಪುರದಲ್ಲಿ ಎಸ್ಸೆಸ್ಸೆಲ್ಸಿ ಓದಿದವಳು. ಸಿಂಗಸಂದ್ರದ ನಲ್ಲಪ್ಪನಿಗೆ ಎರಡನೆಯ ಹೆಂಡತಿಯಾಗಿ ಬಂದು ಇನ್ನೂ ಅರಿಶಿನದ ಕೊಂಬು ಕೊರಳಿನಿಂದ ಇಳಿದಿರಲಿಲ್ಲ. ಬಂದ ದಿನದಿಂದಲೇ ಆ ಮನೆಯ ರೀತಿ ಅವಳಿಗೆ ವಿಚಿತ್ರವಾಗಿ ಕಂಡಿತ್ತು. ಮಾವ ದೊಡ್ಡಮುನಿಯಪ್ಪ ಹೊಲಕ್ಕೆ ಹೊರಟರೆ ಅತ್ತೆ ಈಶ್ವರಮ್ಮ ಹೊಂಗೆಯ ಕೊಂಬೆ ಹಿಡಿದು ಬೆನ್ನ ಹಿಂದೆಯೇ ಅವನ ಹೆಜ್ಜೆ ಅಳಿಸುತ್ತ ಹೋಗುವಳು. ಆಮೇಲೆ ತನ್ನ ಹೆಜ್ಜೆಯನ್ನೂ ಅಳಿಸುತ್ತ ಹಿಮ್ಮುಖವಾಗಿ ಮನೆಗೆ ಬರುವಳು. ಮುದುಕ ಹೊಲದಿಂದ ಬಂದಮೇಲೆ ಅಳಿಸಿದ್ದನ್ನೇ ಮತ್ತೆ ಅಳಿಸುವನು. ದಿನವಿಡೀ ಆ ಮನೆಯಲ್ಲಿ ಸೊಪ್ಪು ಮಣ್ಣಿಗೆ ಉಜ್ಜುವ ಸರಬರ ಸದ್ದು ನಿಲ್ಲುತ್ತಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯಲ್ಲಿ ರೇಡಿಯೋಗಳಿಗೆ ಬೆಸುಗೆ ಹಾಕುವ ನಲ್ಲಪ್ಪನಾದರೂ ಬೇರೆ ಥರ ಇರಬೇಕಲ್ಲ? ಅದೂ ಇಲ್ಲ. ಹೊಸೂರು ರಸ್ತೆಯಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಅವನು ತಿರುತಿರುಗಿ ಬಂದು ಅಂಗಳ ಗುಡಿಸುತ್ತಿದ್ದ.

“ನೀವೂನಾ? ಓದ್ದೋರು!” ಎಂದು ಅವಳು ಛೇಡಿಸಿದಳು.

“ಅಳಿಸಿದೀನಿ ಅಂತ ಗೊತ್ತು ಕಣೆ. ಬಸ್ ಹತ್ರ ಹೋಗೋ ಹೊತ್ಗೆ ಇಲ್ವೇನೋ ಅನ್ಸುತ್ತೆ. ಎದೆ ಬಡ್ಕೊಳ್ಳುತ್ತೆ,” ಎಂದ ನಲ್ಲಪ್ಪ, ತಲೆ ತಗ್ಗಿಸಿ.

ಭಾಗ್ಯಮ್ಮನಿಗೆ ಅದೆಲ್ಲ ನಗೆಪಾಟಲಾಗಿಯೇ ಇರುತ್ತಿತ್ತೋ ಏನೋ. ಆದರೆ ಮುನಿರತ್ನ ಇದ್ದಳು. ಪಿಳ್ಳಮ್ಮ ಬಿಟ್ಟುಹೋದ ಮೂರು ವರ್ಷದ ಕೂಸು. ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟುತ್ತಲೇ ಬೆಳೆದಿದ್ದ ಅದರ ಕಾಲಿಗೆ ಅಂಗಳದ ಮಣ್ಣು ಒಮ್ಮೆಯೂ ತಾಗಿರಲಿಲ್ಲ. ಕಾಲುಗಳು ರಾಗಿ ಕಡ್ಡಿಯಂತೆ ಸಣಕಲಾಗಿದ್ದವು. ಬೇರೆ ಮಕ್ಕಳು ಓಡಾಡುವುದನ್ನು ಅದು ಕಿಟಕಿಯ ಸರಳು ಕಚ್ಚಿಕೊಂಡು ನೋಡುತ್ತಿತ್ತು.

ಅತ್ತೆ ಮಾವ ಒಂದು ಸಾವಿನ ಮನೆಗೆ ಹೋದ ದಿನ, ಮಳೆ ಬಂದು ನಿಂತಮೇಲೆ, ಭಾಗ್ಯಮ್ಮ ಮಗುವನ್ನು ಅಂಗಳಕ್ಕಿಳಿಸಿದಳು. ಮಣ್ಣಿನ ತಂಪಿಗೆ ಮಗು ಮೊದಲು ಬೆಚ್ಚಿತು. ಆಮೇಲೆ ಕಿಲಕಿಲ ನಕ್ಕಿತು. ಅವಳ ಬೆರಳು ಹಿಡಿದು ತಡವರಿಸುವ ಹೆಜ್ಜೆ ಇಡುತ್ತ ಹೊಂಗೆ ಮರ ಮುಟ್ಟಿ ಬಂತು. ಕೆಮ್ಮಣ್ಣಿನ ಮೇಲೆ ಪುಟ್ಟ ಪಾದಗಳ ಸಾಲು ಅಚ್ಚೊತ್ತಿ ನಿಂತಿತು. ಭಾಗ್ಯಮ್ಮ ಅದನ್ನು ಬೇಕೆಂದೇ ಅಳಿಸಲಿಲ್ಲ. ಬರಲಿ, ನೋಡಲಿ, ಏನೂ ಆಗಲ್ಲ ಅಂತ ತಿಳಿಯಲಿ ಎಂದುಕೊಂಡು ಮಗುವಿನ ಕಾಲು ತೊಳೆಯಲು ಬಚ್ಚಲಿಗೆ ಕರೆದೊಯ್ದಳು.

ಹೊರಗೆ ಬಂದಾಗ ಮುದುಕ ಆ ಸಾಲಿನ ಮೇಲೆ ಬಗ್ಗಿ ನಿಂತಿದ್ದ. ಬೆರಳು ಮಾಡಿ ಹೆಜ್ಜೆ ಎಣಿಸುತ್ತಿದ್ದ.

“ಒಂದು ಇಲ್ಲ,” ಎಂದ.

ನಿಜ. ಸಾಲಿನ ನಡುವೆ ಒಂದು ಹೆಜ್ಜೆ ಇದ್ದ ಜಾಗದಲ್ಲಿ ಗುಳಿ ಇತ್ತು. ಕುಡುಗೋಲಿನಿಂದ ಕೊಯ್ದು ಎತ್ತಿದಂತೆ ನುಣುಪಾದ ಅಂಚು.

“ಕೋಳಿ ಕೆದ್ರಿರ್ಬೇಕು ಮಾವ,” ಎಂದಳು ಭಾಗ್ಯಮ್ಮ. ತನ್ನ ದನಿ ತನಗೇ ಟೊಳ್ಳಾಗಿ ಕೇಳಿಸಿತು.

ದೀಪ ಹಚ್ಚುವ ಹೊತ್ತಿಗೆ ಮಗುವಿನ ಮೈ ಕೆಂಡವಾಯಿತು. ಅದು ಅಳಲಿಲ್ಲ. “ಕಾಲು ಯಾರೋ ಇಡ್ಕಂಡವ್ರೆ,” ಎಂದಿತು. ಅಂಗಾಲು ಮುಟ್ಟಿದ ಭಾಗ್ಯಮ್ಮ ಕೈ ಹಿಂತೆಗೆದಳು. ಕಾದ ಹೆಂಚು! ಚರ್ಮ ಒಣಗಿ, ನೀರಿಲ್ಲದ ಕೆರೆಯಂತೆ ಬಿರುಕು ಬಿಡುತ್ತಿತ್ತು.

ಕೆಲಸದಿಂದ ಬಂದ ನಲ್ಲಪ್ಪ ವಿಷಯ ತಿಳಿದವನೇ ಒಳಗೆ ಬರಲಿಲ್ಲ. ಕೊಂಬೆ ಹಿಡಿದ. ಅಪ್ಪನ ಜೊತೆ ಅಂಗಳ ಗುಡಿಸತೊಡಗಿದ. ಸರಬರ. ಸರಬರ.

“ಮಗೂನ ಎತ್ಕೊಳ್ರೀ! ಆಸ್ಪತ್ರೆಗೆ ಹೋಗೋಣ!”

“ಒಂದ್ನಿಮಿಷ. ಇದೊಂದು ಅಳಿಸ್ಬಿಡ್ತೀನಿ. ಇದೊಂದು.” ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಆಗ ವಾಸನೆ ಬಂತು. ಹುರಿದ ಮಣ್ಣಿನ ವಾಸನೆ. ಅದರೊಳಗೆ ಸುಟ್ಟ ಕೂದಲಿನ ಕಮಟು. ಹಿತ್ತಲ ಕಡೆಯಿಂದ. ಅತ್ತೆ ಎಲ್ಲಿ? ಸಾವಿನ ಮನೆಯಿಂದ ಬಂದವಳು ಕಣ್ಣಿಗೇ ಬಿದ್ದಿಲ್ಲ. ಭಾಗ್ಯಮ್ಮ ಓಡಿದಳು. ಹಿತ್ತಲು ಕತ್ತಲಾಗಿತ್ತು. ದನದ ಕೊಟ್ಟಿಗೆಯ ಮೂಲೆಯಲ್ಲಿ ಕೆಂಪಗೆ ಏನೋ ಉಸಿರಾಡುತ್ತಿತ್ತು.

ಕೆಂಡ. ಕೆಂಡದ ಮೇಲೆ ಮಡಕೆ ಚೂರು. ಚೂರಿನಲ್ಲಿ ಬಿಲ್ಲೆಯಾದ ಮಣ್ಣು, ಅದರಲ್ಲಿ ಐದು ಪುಟ್ಟ ಬೆರಳಿನ ಅಚ್ಚು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದವಳು ಈಶ್ವರಮ್ಮ.

“ಅತ್ತೇ!”

ಮುದುಕಿ ತಲೆ ಎತ್ತಿದಳು. ಮುಖದಲ್ಲಿ ಕೇಡಿರಲಿಲ್ಲ, ಬರೀ ಭಯ. “ಅಳ್ಸಿದ್ರೂ ಮಣ್ಣು ಅಲ್ಲೇ ಇರ್ತದಲ್ಲವ್ವ. ಯಾರ ಕೈಗಾದ್ರೂ ಸಿಕ್ತದೆ. ಸುಟ್ಟು ಬೂದಿ ಮಾಡಿದ್ರೆ ಚಿಂತಿಲ್ಲ. ಪಿಳ್ಳಮ್ಮಂದೂ ನಾನೇ ಸುಟ್ಟೆ. ಉಳ್ಕಳ್ಳಿ ಅಂತ ಸುಟ್ಟೆ. ಆದ್ರೂ ಯಾರೋ ಕೊಂದ್ಬುಟ್ರು.”

ಮಣ್ಣು ಚಟ್ಟೆಂದು ಸಿಡಿಯಿತು. ಮನೆಯೊಳಗೆ ಮಗು ಚೀರಿತು. ಭಾಗ್ಯಮ್ಮ ಬರಿಗೈ ಹಾಕಿದಳು. ಚರ್ಮ ಸುಟ್ಟಿತು. ಬಿಡಲಿಲ್ಲ. ಮುದುಕಿ ತೋಳಿಗೆ ಜೋತುಬಿದ್ದಳು. ಭಾಗ್ಯಮ್ಮ ಕೊಡವಿಕೊಂಡಳು. ಮಣ್ಣನ್ನು ಎದೆಗವಚಿಕೊಂಡಳು. ಓಡಿದಳು. ಕಲಗಚ್ಚಿನ ಬಾನಿಯಲ್ಲಿ ಮುಳುಗಿಸಿದಳು. ಭುಸ್ಸೆಂದು ಹಬೆ ಎದ್ದಿತು. ಒಳಗಿನ ಚೀರು ಹಠಾತ್ತನೆ ನಿಂತಿತು.

ಅವಳು ಒಳಗೆ ಬಂದು ನೋಡಿದರೆ, ಮಗು ಬೆವೆತು ನಿದ್ದೆ ಮಾಡುತ್ತಿತ್ತು.

ಮರುದಿನವೇ ಭಾಗ್ಯಮ್ಮ ಹಟ ಹಿಡಿದು ಗಂಡ ಮಗುವಿನೊಂದಿಗೆ ಊರು ಬಿಟ್ಟಳು. ನಲ್ಲಪ್ಪನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿತು, ವಠಾರದಲ್ಲಿ ಒಂದು ಮನೆಯೂ ಸಿಕ್ಕಿತು. ಸಿಮೆಂಟಿನ ನೆಲ, ಹೆಜ್ಜೆ ಮೂಡುವುದಿಲ್ಲ. ನಲ್ಲಪ್ಪ ನಿಧಾನವಾಗಿ ನೆಟ್ಟಗಾದ. ಮುನಿರತ್ನ ಒಂದು ಕಾಲು ಎಳೆದುಕೊಂಡೇ ಆದರೂ ನಡೆದಳು. ಭಾಗ್ಯಮ್ಮನ ಬಲಗೈಯ ಬೆರಳುಗಳು ಮಾತ್ರ ಸುಟ್ಟು ಸೊಟ್ಟಗಾಗಿ ಹಾಗೇ ಉಳಿದವು.

ಮೊದಲ ಮಳೆಗೆ ಮಗು ಒದ್ದೆ ಕಾಲಲ್ಲಿ ಒಳಗೆ ಬಂತು. ಸಿಮೆಂಟಿನ ಮೇಲೆ ನೀರಿನ ಹೆಜ್ಜೆಗಳು ಮೂಡಿದವು. ಆರಿಹೋಗುತ್ತವೆ, ನೀರಷ್ಟೇ. ಭಾಗ್ಯಮ್ಮನಿಗೆ ಅದು ಗೊತ್ತಿತ್ತು. ಬಟ್ಟೆ ತಂದು ಒರೆಸಿದಳು. ಆರಿದಮೇಲೆ ಮತ್ತೊಮ್ಮೆ ಒರೆಸಿದಳು. ಒಲೆಯ ಮೇಲೆ ಅನ್ನ ಸೀಯುತ್ತಿತ್ತು. ಎದೆಯ ಬಡಿತ ಇಳಿಯಲಿಲ್ಲ. ಮಂಡಿಯೂರಿ ಮೂರನೆಯ ಸಲ ಒರೆಸುತ್ತಿದ್ದಾಗ ಬೆನ್ನ ಹಿಂದೆ ಮೆತ್ತಗೆ ಉಜ್ಜುವ ಸದ್ದು ಕೇಳಿಸಿತು.

ಮುನಿರತ್ನ ತನ್ನ ಲಂಗದ ಅಂಚಿನಿಂದ ನೆಲ ತಿಕ್ಕುತ್ತಿದ್ದಳು.

“ಅಮ್ಮ, ಅಲ್ಲಾಡ್ಬೇಡ,” ಎಂದಳು, ತೀರ ಗಂಭೀರವಾಗಿ. “ನಿಂದು ಇನ್ನೂ ಹೋಗಿಲ್ಲ.”