ಇನ್ನೊಂದು ಕೈ ಕೊಡಿ

"ಕೈ ಬಿಗಿ ಮಾಡ್ಬೇಡಿ. ಸಡಿಲ ಬಿಡಿ."

"ಬಿಟ್ಟಿದ್ದೀನಲ್ಲ!"

"ಇಲ್ಲ ಮೇಡಂ, ಮುಷ್ಟಿ ಕಟ್ಟಿದ್ದೀರಿ."

ಅವಳು ನೋಡಿಕೊಂಡಳು. ಹೌದು... ಜಗಳಕ್ಕೆ ನಿಂತವಳ ಹಾಗೆ ಮುಷ್ಟಿ ಕಟ್ಟಿದ್ದಳು!

ಸ್ಕ್ಯಾನಿಂಗ್ ಕೋಣೆಯಲ್ಲಿ ಅರೆಗತ್ತಲು. ಮಣಿಕಟ್ಟಿನ ಮೇಲೆ ತಣ್ಣನೆಯ ಜೆಲ್. ಸ್ಕ್ಯಾನ್ ಮಾಡುವವನು ಅವಳ ಕೈ ಹಿಡಿದು, ಕಣ್ಣನ್ನು ಪರದೆಯ ಮೇಲಿಟ್ಟಿದ್ದ. ಅಲ್ಲಿ ಬೂದು ಗೆರೆಗಳು ಬಿಟ್ಟರೆ ಅವಳಿಗೇನೂ ತಿಳಿಯಲಿಲ್ಲ.

ಆಸ್ಪತ್ರೆ ರಸ್ತೆಯ ಮೂಲೆಯ ಕಟಿಂಗ್ ಅಂಗಡಿ ಅವಳದು. ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ, ಬಿದ್ದ ಕೂದಲು ಗುಡಿಸುತ್ತಾ ಬಂದವರನ್ನೆಲ್ಲ ಮಾತಾಡಿಸುವ ದೊಡ್ಡಮ್ಮ. ಅಷ್ಟೇ ಅವಳ ಪ್ರಪಂಚ. ಕೆಲವು ತಿಂಗಳಿಂದ ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡಿಯುತ್ತಿದ್ದವು. ಕೈ ಒದರಿಕೊಂಡು ಕೆಲಸ ಮಾಡಿದಳು. ಕೊನೆಗೊಂದು ದಿನ ಕತ್ತರಿ ಜಾರಿ ಹಳೆಯ ಗಿರಾಕಿಯೊಬ್ಬರ ಕಿವಿಗೆ ತಾಗಿತು. ರಕ್ತ! ಅವರು ಬೈಯಲಿಲ್ಲ. "ಪರವಾಗಿಲ್ಲಮ್ಮ" ಎಂದರು. ಬೈದಿದ್ದರೇ ವಾಸಿಯಿತ್ತು. ಅವತ್ತಿನಿಂದ ಅವಳು ಕತ್ತರಿ ಮುಟ್ಟಿರಲಿಲ್ಲ.

"ಹೇಗಿದೆ?" ಎಂದಳು.

"ಡಾಕ್ಟರ್ ಹೇಳ್ತಾರೆ."

"ನಿಮಗೆ ಕಾಣ್ತಿದೆಯಲ್ಲ!"

"ಕಾಣ್ತಿದೆ."

"ಮತ್ತೆ?"

"ಡಾಕ್ಟರ್ ಹೇಳ್ತಾರೆ."

ಕಲ್ಲುಮುಖ! ಅಂಗಡಿಯಲ್ಲಿ ವಿಗ್ಗು ಹಾಕಿಟ್ಟ ಗೊಂಬೆಯೂ ಇವನಿಗಿಂತ ಹೆಚ್ಚು ಮಾತಾಡುತ್ತೆ, ಎಂದುಕೊಂಡಳು.

"ಇನ್ನೊಂದು ಕೈ ಕೊಡಿ."

"ಅದು ಚೆನ್ನಾಗೇ ಇದೆ."

"ಅದಕ್ಕೇ ಬೇಕು. ಚೆನ್ನಾಗಿರೋದು ಹೇಗಿದೆ ಅಂತ ನೋಡಿದ್ರೆ ತಾನೇ ಕೆಟ್ಟಿರೋದು ಎಷ್ಟು ಅಂತ ಗೊತ್ತಾಗೋದು?"

"ನಮ್ಮ ಕೆಲಸದಲ್ಲೂ ಹಾಗೇ. ಒಂದು ಕಿವಿ ಪಕ್ಕ ನೋಡ್ಕೊಂಡೇ ಇನ್ನೊಂದು ಕಿವಿ ಪಕ್ಕ ಕತ್ತರಿಸೋದು." ಅವನ ತಲೆಯನ್ನು ದಿಟ್ಟಿಸಿದಳು. "ನಿಮಗೆ ಕಟಿಂಗ್ ಮಾಡಿದೋರು ಅದನ್ನ ಮರೆತಿದ್ದಾರೆ. ಎಡಗಡೆ ಇಳಿದಿದೆ."

ಅವನು ಜೋರಾಗಿ ನಕ್ಕುಬಿಟ್ಟ! ಒಂದೇ ಗಳಿಗೆ. ಆಮೇಲೆ ಮುಖ ಮತ್ತೆ ಕಲ್ಲು. ಆದರೆ ಕಾಗದದಿಂದ ಅವಳ ಬಲಗೈ ಒರೆಸುವಾಗ, ಜೆಲ್ ಹೋದ ಮೇಲೂ ಅವನು ಒರೆಸುತ್ತಲೇ ಇದ್ದುದನ್ನು ಅವಳು ಗಮನಿಸಿದಳು. ಜೋಮು ಹಿಡಿದ ಕೈಗೂ ಅದು ತಿಳಿಯಿತಲ್ಲ...

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ನರ ಬಾತುಕೊಂಡು ಅದುಮಿಹೋಗಿದೆ. ಸ್ಕ್ಯಾನ್‌ನಲ್ಲಿ ನೋಡುತ್ತಲೇ ನರದ ಪಕ್ಕಕ್ಕೆ ಔಷಧಿ ಬಿಡಬೇಕು. ಆಮೇಲೆ ಪಟ್ಟಿ ಕಟ್ಟಿಕೊಂಡು ಕೈಗೆ ವಿಶ್ರಾಂತಿ.

"ಮತ್ತೆ ಕತ್ತರಿ ಹಿಡೀಬಹುದಾ?"

"ಹೆಚ್ಚಿನವರಿಗೆ ಗುಣ ಆಗತ್ತೆ. ನೋಡೋಣ."

ಇಂಜೆಕ್ಷನ್ ದಿನ ಅವನು ಯಂತ್ರದ ಮುಂದೆಯೇ ಕೂತಿದ್ದ. ಅವಳನ್ನು ಕಂಡವನೇ ಎದ್ದ. ಡಾಕ್ಟರಮ್ಮನ ಹತ್ತಿರ ಮೆಲ್ಲಗೆ ಏನೋ ಹೇಳಿದ. ಹೊರಟೇಹೋದ! ಅವನ ಜಾಗಕ್ಕೆ ಹಿರಿಯ ಸಿಸ್ಟರ್ ಬಂದರು.

ಅವಳು ಅವನು ಹೋದ ಬಾಗಿಲನ್ನೇ ನೋಡಿದಳು.

'ನನ್ನ ನರದಲ್ಲಿ ಏನೋ ಕಂಡಿದೆ ಇವನಿಗೆ. ನನ್ನ ಮುಖ ನೋಡೋಕೆ ಆಗ್ಲಿಲ್ಲ... ಕೈ ಹೋಯ್ತು!'

ಪರದೆಯ ಮೇಲೆ ಸೂಜಿ ಬಿಳಿ ಗೆರೆಯಾಗಿ ನರದ ಬದಿಗೆ ಬಂದು ನಿಂತಿತು. ಔಷಧಿ ಇಳಿಯಿತು. ಅವಳು ಅತ್ತಳು. ನೋವಿಗೆಂದು ಸಿಸ್ಟರ್ ತಿಳಿದರು.

ವಾರಗಳು ಕಳೆದವು. ಬೆರಳಿಗೆ ಜೀವ ಬಂತು. ಗುಂಡಿ ಹಾಕಿಕೊಂಡಳು, ಸೂಜಿಗೆ ದಾರ ಪೋಣಿಸಿದಳು. ಕತ್ತರಿ ಮಾತ್ರ ಮುಟ್ಟಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದಾಗಲೂ ಅವನಿರಲಿಲ್ಲ.

"ಬಾವು ಇಳಿದಿದೆ. ನಿನ್ನ ಚಿಕಿತ್ಸೆ ಮುಗೀತು, ಹೋಗಿ ಕೆಲಸ ಮಾಡು" ಎಂದರು ಡಾಕ್ಟರಮ್ಮ.

ಅವಳು ನಂಬಲಿಲ್ಲ. ಅಂಗಡಿಗೆ ಬಂದು 'ಕಟಿಂಗ್ ಮಾಡುವವರಿಗೆ ಕುರ್ಚಿ ಬಾಡಿಗೆಗೆ ಇದೆ' ಎಂದು ಬರೆದ ರಟ್ಟನ್ನು ಬಾಗಿಲಿಗೆ ತೂಗುಹಾಕಿದಳು.

"ಬುದ್ಧಿ ನೆಟ್ಟಗಿದೆಯೇನೇ ಗುಬ್ಬಿ?" ದೊಡ್ಡಮ್ಮ ರೇಗಿದರು. "ವಾಸಿ ಆಗಿದೆ ಅಂತ ಡಾಕ್ಟರೇ ಹೇಳಿದ್ರೂ ನಂಬಲ್ಲ ಅಂತೀಯಲ್ಲ!"

"ಇನ್ನೊಬ್ಬರ ಕಿವಿ ಕೊಯ್ಯಲಾ ದೊಡ್ಡಮ್ಮ?"

ಆಗಲೇ ಬಾಗಿಲು ತಳ್ಳಿಕೊಂಡು ಅವನು ಬಂದ. ಕಲ್ಲುಮುಖ! ಎಡಗಡೆಯ ಕೂದಲು ಕಿವಿ ಮುಚ್ಚಿತ್ತು. ನೆಟ್ಟಗೆ ಬಂದು ಕುರ್ಚಿಯಲ್ಲಿ ಕೂತ.

"ಕಟಿಂಗ್."

"ನಾನು ಮಾಡ್ತಿಲ್ಲ. ಅವತ್ತು ಎದ್ದು ಓಡಿದ್ರಲ್ಲ, ಅಷ್ಟು ಕೆಟ್ಟಿತ್ತಾ ನನ್ನ ನರ?"

"ನರನಾ?" ಅವನು ಕಕ್ಕಾಬಿಕ್ಕಿಯಾದ. "ನರಕ್ಕೇನಾಗಿತ್ತು... ಮೊದಲ ದಿನ ನಿಮ್ಮ ಕೈ ಒರೆಸುವಾಗಲೇ ನನಗೆ ಗೊತ್ತಾಯ್ತು ಮೇಡಂ. ಇನ್ನು ಈ ಕೈನ ಬರೀ ಕೆಲಸ ಅಂತ ಮುಟ್ಟೋಕಾಗಲ್ಲ ಅಂತ. ಮನಸ್ಸಲ್ಲಿ ಅದನ್ನಿಟ್ಕೊಂಡು ಪೇಷೆಂಟ್ ಕೈ ಹಿಡಿಯೋದು ತಪ್ಪು. ಡಾಕ್ಟರಮ್ಮಂಗೆ ಹೇಳಿ ಆಚೆ ಹೋದೆ."

ದೊಡ್ಡಮ್ಮನ ಪೊರಕೆ ನಿಂತಿತು.

"ನನಗೊಂದು ಮಾತು ಹೇಳ್ಬಾರದಿತ್ತಾ? ಕೈ ಹೋಯ್ತು ಅಂತ ಎಷ್ಟು ಅತ್ತೆ ಗೊತ್ತಾ!"

"ನೀವು ನಮ್ಮ ಪೇಷೆಂಟ್ ಆಗಿರೋವರೆಗೂ ಹೇಳೋ ಹಾಗಿರ್ಲಿಲ್ಲ. ನೀವು ಹೀಗೆ ತಿಳ್ಕೊಂಡ್ರಿ ಅಂತ ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು." ಅವನು ಕನ್ನಡಿಯಲ್ಲಿ ಅವಳನ್ನೇ ನೋಡಿದ. "ನಿಮ್ಮ ಚಿಕಿತ್ಸೆ ಮುಗೀತು ಅಂತ ಇವತ್ತು ಡಾಕ್ಟರಮ್ಮ ಹೇಳಿದ್ರು. ಅದಕ್ಕೇ ಬಂದೆ. ನನಗೆ ನಿಮ್ಮನ್ನ ಮದುವೆ ಆಗೋ ಆಸೆ ಇದೆ. ಉತ್ತರ ಈಗಲೇ ಬೇಡ. ಮೊದಲು ಕಟಿಂಗ್ ಮಾಡಿ."

ಅವಳು ಕತ್ತರಿಯತ್ತ ನೋಡಿದಳು. "ಕಿವಿಗೆ ತಾಗಿದ್ರೆ?"

"ಇನ್ನೊಂದಿದೆಯಲ್ಲ... ಹೋಲಿಸಿ ನೋಡೋಕೆ."

ನಗು ಬಂದೇಬಿಟ್ಟಿತು. ನಗುತ್ತಲೇ ಕತ್ತರಿ ತೆಗೆದುಕೊಂಡಳು. ತಣ್ಣನೆಯ ಕಬ್ಬಿಣ ಹೆಬ್ಬೆರಳಿಗೆ ತಿಳಿಯಿತು. ಪಕ್ಕದ ಬೆರಳಿಗೂ ತಿಳಿಯಿತು!

"ಕುತ್ತಿಗೆ ಬಿಗಿ ಮಾಡ್ಬೇಡಿ. ಸಡಿಲ ಬಿಡಿ."

"ಬಿಟ್ಟಿದ್ದೀನಲ್ಲ!"

"ಇಲ್ಲ."

ಕತ್ತರಿ ಕಚಕಚ ನಡೆಯಿತು. ಬಲಗಡೆ ನೋಡಿಕೊಂಡು ಎಡಗಡೆ. ಎಡಗಡೆ ನೋಡಿಕೊಂಡು ಬಲಗಡೆ. ಎರಡೂ ಕಿವಿ ಇದ್ದಲ್ಲೇ ಇದ್ದವು. ಅವಳು ಬಟ್ಟೆ ಕೊಡವಿ, ಹೋಗಿ ಬಾಗಿಲಿನ ರಟ್ಟನ್ನು ಕಿತ್ತು ಬಂದಳು. ಆಮೇಲೆ ಗಂಭೀರವಾಗಿ ಮುಖ ಬಿಗಿದುಕೊಂಡು ಅವನ ಹಿಂದೆ ನಿಂತಳು.

"ಉತ್ತರ?" ಎಂದ ಅವನು. "ನಿಮ್ಮ ಮುಖ ನೋಡಿದ್ರೆ ಏನೂ ಗೊತ್ತಾಗ್ತಿಲ್ಲ."

"ದೊಡ್ಡಮ್ಮ ಹೇಳ್ತಾರೆ."

"ನಾನೇನಪ್ಪಾ ಹೇಳೋದು?" ದೊಡ್ಡಮ್ಮ ಪೊರಕೆ ಊರಿಕೊಂಡು ನಿಂತರು. "ನಗು ತಡ್ಕೊಳ್ಳೋಕೆ ಒದ್ದಾಡ್ತಿದ್ದಾಳೆ. ಕನ್ನಡಿ ಮುಂದೆ ಕೂತಿದ್ದೀಯ, ಕಾಣಲ್ವಾ?"

ಅವನು ಕಣ್ಣೆತ್ತಿ ನೋಡಿದ. ಬಟ್ಟೆಯ ಕೆಳಗಿನಿಂದ ಕೈ ಹೊರತೆಗೆದು ಹಿಂದಕ್ಕೆ ಚಾಚಿದ. ಅವಳು ಕತ್ತರಿ ಕೆಳಗಿಟ್ಟು ಆ ಕೈ ಹಿಡಿದಳು.

"ಕಾಣ್ತಿದೆ ದೊಡ್ಡಮ್ಮ... ಕಾಣ್ತಿದೆ."

"ಇನ್ನೊಂದು ಕೈ ಕೊಡಿ" ಎಂದಳು ಅವಳು.