ಮುನಿಕೃಷ್ಣಪ್ಪನ ಪ್ಲೇಟು

"ತಗೊಂಡೋಗಪ್ಪ. ಬೇಕಾದ್ರೆ ಗೋಡೆಗೆ ನೇತಾಕು, ಬೇಕಾದ್ರೆ ಆಕ್ಕೊಂಡು ಕೇಳು. ಇದರ ನಕಲು ಮಾತ್ರ ಇಳಿಸ್ಕೋಬೇಡ."

ಸೊಣ್ಣಮ್ಮ ಆ ರೆಕಾರ್ಡನ್ನು ಕೈಯಿಂದ ಕೊಡಲಿಲ್ಲ. ಕೆಂಪು ಬಟ್ಟೆ ಸುತ್ತಿದ್ದ ಅದನ್ನು ಮೊರದ ಮೇಲಿಟ್ಟು ಗೋಕುಲನ ಕಡೆಗೆ ತಳ್ಳಿದರು. ಅಪರೂಪದ ವಿನೈಲ್ ರೆಕಾರ್ಡುಗಳನ್ನು ಹುಡುಕಿ ಕೂಡಿಡುವುದು, ಅಸಲಿ ಯಾವುದು ನಕಲಿ ಯಾವುದು ಎಂದು ಬೇರೆ ಸಂಗ್ರಾಹಕರಿಗೆ ಹೇಳುವುದು ಗೋಕುಲನ ಕಸುಬು. ಮೈಸೂರಿನಿಂದ ಬಂದು ಯಲಹಂಕದಲ್ಲಿ ಫ್ಲಾಟು ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಈ ರೆಕಾರ್ಡಿನ ಸುದ್ದಿ ಹಿಡಿದೇ ಅವನು ರಾಜಾನುಕುಂಟೆಯ ಈ ಮನೆಗೆ ಬಂದಿದ್ದ.

"ನಕಲು ಮಾಡಿದ್ರೆ ಏನಾಗತ್ತಮ್ಮ? ರಕ್ತ ಕಾರ್ಕೊಂಡು ಸಾಯ್ತೀನಾ?" ಎಂದು ನಕ್ಕ.

"ನಗ್ಬೇಡ. ನಮ್ಮ ಭಾವ ಮುನಿಕೃಷ್ಣಪ್ಪಂದು ಒಳ್ಳೆ ಗಂಟಲು. ಇದ್ದ ದ್ರಾಕ್ಷಿ ತೋಟ ಮಾರಿ ತತ್ವಪದದ ಈ ಪ್ಲೇಟು ಮಾಡ್ಸಿದ್ರು. ಯಶವಂತಪುರದಲ್ಲಿ ಯಾವನೋ ಒಬ್ಬ ಇಂಗೇ ಇರೋ ಕಳ್ಳ ಪ್ಲೇಟು ಮಾಡಿ ಎಲ್ಲಾ ಕಡೆ ಮಾರ್ಬಿಟ್ಟ. ಒಟ್ಟೆ ಉರಿಗೆ ನಮ್ಮ ಭಾವ ಮಂತ್ರವಾದಿ ತಾವ ಓಗಿ, ಇದಕ್ಕೆ ಮಾಟ ಮಾಡ್ಸಿದ್ರು."

"ಆ ಕಳ್ಳ ಸತ್ತನಾ?"

"ಸಾಯ್ಲಿಲ್ಲ ಕಣಪ್ಪ," ಸೊಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಸತ್ತಿದ್ರೆ ಎಂಗೋ ಆಗ್ತಿತ್ತು."

ಭಾನುವಾರದ ಮಧ್ಯಾಹ್ನ. ಮೋಡ ಮುಚ್ಚಿತ್ತು. ಸದ್ದು ನುಗ್ಗದಂತೆ ಕಿಟಕಿಗೆ ಕಂಬಳಿ ಬಿಗಿದ ತನ್ನ ಕೋಣೆಯಲ್ಲಿ ಗೋಕುಲ ಟೇಬಲ್ ಲ್ಯಾಂಪ್ ಹೊತ್ತಿಸಿ ರೆಕಾರ್ಡಿಗೆ ಸುತ್ತಿದ್ದ ಕೆಂಪು ಬಟ್ಟೆ ಬಿಚ್ಚಿದ. ಗಪ್ಪನೆ ವಾಸನೆ ಬಡಿಯಿತು. ಕೊಳೆತ ನಿಂಬೆಹಣ್ಣು, ಸುಟ್ಟ ಕೂದಲು. ಮೂಗು ಸಿಂಡರಿಸಿ, ಭೂತಗನ್ನಡಿ ಹಿಡಿದು ಬಗ್ಗಿದ. ಲೇಬಲ್ಲಿನ ಅಕ್ಷರಗಳು ಚೂಪಾಗಿದ್ದವು. ನಕಲಿಯಲ್ಲಾದರೆ ಫೋಟೊ ತೆಗೆದು ಅಚ್ಚು ಹಾಕಿದ ಅಕ್ಷರಗಳು ಊದಿಕೊಂಡಿರುತ್ತವೆ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಅಂಚಿನಲ್ಲಿ ಕಾರ್ಖಾನೆಯ ಗುರುತು ಸ್ಪಷ್ಟವಾಗಿತ್ತು. ಅಸಲಿ! ಗುರುತಿನ ಪಕ್ಕ ಯಾರೋ ಸೂಜಿಯಲ್ಲಿ ಕೊರೆದ ಚೌಕಗಳಿದ್ದವು, ಅವುಗಳೊಳಗೆ ಒಣಗಿದ ಕುಂಕುಮ. ಹತ್ತಿಯಿಂದ ಉಜ್ಜಿದ. ಹತ್ತಿ ಒದ್ದೆಯಾಗಿ ಕೆಂಪಾಯಿತು.

ಹೆಬ್ಬಾಳದ ಗೆಳೆಯ ರವಿಕಿರಣನಿಗೆ ಈಗಲೇ ಕೇಳಿಸಬೇಕೆನಿಸಿತು. ಪ್ಲೇಯರಿನ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ಒತ್ತಿ ಮುಳ್ಳು ಇಳಿಸಿದ.

ಮೊದಲು ಒಣ ಎಲೆ ತುಳಿದಂಥ ಸರಸರ. ಆಮೇಲೆ ಏಕತಾರಿ. ಅದರ ಹಿಂದೆ ಬಾವಿಯ ತಳದಿಂದ ಎದ್ದಂಥ ದನಿ. ಗೋಕುಲ ಕಣ್ಣು ಮುಚ್ಚಿ ಕೇಳಿದ. ಪದ ಮುಗಿಯಿತು. ಮುಳ್ಳು ನುಣುಪು ಅಂಚಿಗೆ ಸರಿಯಿತು. ಅಲ್ಲಿ ಏನೂ ಕೇಳಿಸಬಾರದು.

ಯಾರೋ ಉಸಿರಾಡುತ್ತಿದ್ದರು.

ತನ್ನದೇ ಇರಬೇಕೆಂದು ಗೋಕುಲ ಉಸಿರು ಬಿಗಿಹಿಡಿದ. ಹೆಡ್‌ಫೋನಿನ ಉಸಿರು ನಿಲ್ಲಲಿಲ್ಲ. ಆಮೇಲೆ ಒಂದು ನಗು. "ನಕಲು ಮಾಡಿದ್ರೆ ಏನಾಗತ್ತಮ್ಮ?"

ಅದು ಅವನ ದನಿ.

ಮುಳ್ಳನ್ನು ಕಿತ್ತೆತ್ತಿದ. ರೆಕಾರ್ಡು ನಿಂತಿತು. ಆದರೂ ಲ್ಯಾಪ್‌ಟಾಪಿನ ಮೇಲೆ ಸದ್ದಿನ ಗೆರೆಗಳು ಏಳುತ್ತಲೇ ಇದ್ದವು. ವೈರು ಎಳೆದ. ಗೆರೆಗಳು ಎದ್ದವು. ಕಿವಿಯಲ್ಲಿ ಆ ದನಿ ಮೆಲ್ಲಗೆ ಅಂದಿತು: "ನಂದೂ, ಕೀ ಮರೆತೆ ಕಣೆ. ಬಾಗಿಲು ತೆಗಿ."

ಕಾಲಿಂಗ್ ಬೆಲ್ ಹೊಡೆದುಕೊಂಡಿತು.

ಹಾಲಿನಲ್ಲಿ ಹೆಂಡತಿ ನಂದಿತಾಳ ಚಪ್ಪಲಿಯ ಸದ್ದು. ತೆಗೀಬೇಡ ಎಂದು ಗೋಕುಲ ಕೂಗಿದ. ಬಾಯಿಂದ ಬರೀ ಗಾಳಿ ಬಂತು. ಚಿಲಕ ಸರಿಯಿತು.

"ಯಾವಾಗ ಆಚೆ ಹೋದೆ? ರೂಮಲ್ಲಿದ್ದೀಯ ಅನ್ಕೊಂಡಿದ್ದೆ," ಎಂದಳು ನಂದಿತಾ.

ಗೋಕುಲ ಹಾಲಿಗೆ ಓಡಿದ. ಬಾಗಿಲಲ್ಲಿ ಅವನೇ ನಿಂತಿದ್ದ. ಅದೇ ನೀಲಿ ಅಂಗಿ. ಬೆಳಿಗ್ಗೆ ಕ್ಷೌರದಲ್ಲಿ ಗಲ್ಲಕ್ಕಾದ ಅದೇ ಗಾಯ. ನಂದಿತಾ ಇಬ್ಬರನ್ನೂ ನೋಡಿ ಗೋಡೆಗೆ ಒರಗಿದಳು.

"ನಂದೂ, ಈ ಕಡೆ ಬಾ," ಬಂದವನು ಹೆದರುತ್ತಲೇ ಒಳಗೆ ಕಾಲಿಟ್ಟ. "ಇವನು ಹೆಂಗೆ ಒಳಗೆ ಬಂದ?"

"ಸುಳ್ಳು... ನಾನೇ..." ಗೋಕುಲನ ಗಂಟಲು ಕರಕರ ಎಂದಿತು.

ನಂದಿತಾ ಅಳುತ್ತಲೇ ಕೈ ಅಡ್ಡ ಹಿಡಿದಳು. "ಇಬ್ರೂ ಹತ್ರ ಬರ್ಬೇಡಿ. ಮಗು ಉಳೀಲಿಲ್ಲ ಅಂತ ಗೊತ್ತಾದ ದಿನ, ಆಸ್ಪತ್ರೆ ಲಿಫ್ಟಲ್ಲಿ ನನ್ನ ಕಿವೀಲಿ ಏನ್ ಹೇಳ್ದೆ?"

ಗೋಕುಲನಿಗೆ ಲಿಫ್ಟು ನೆನಪಿತ್ತು. ಫಿನೈಲ್ ವಾಸನೆ ನೆನಪಿತ್ತು. ಅವಳ ತಣ್ಣನೆಯ ಬೆರಳುಗಳು ನೆನಪಿದ್ದವು. ಬಾಗಿ ಅವಳ ಕಿವಿಗೆ ತುಟಿ ತಾಗಿಸಿದ್ದ. ಏನೋ ಅಂದಿದ್ದ. ಏನು? ಹುಡುಕಿದ. ತಡಕಾಡಿದ. ಮಾತು ಇದ್ದ ಜಾಗ ಬೋಳಾಗಿತ್ತು.

"ಹೆಸರು ಹೇಳ್ದೆ," ಇನ್ನೊಬ್ಬ ಕಣ್ಣೊರೆಸಿಕೊಂಡ. "ಇಂಚರ ಅಂತ ಕರೆಯೋಣ, ಹೆಸರಿಲ್ದೆ ಕಳಿಸೋದು ಬೇಡ ಅಂದೆ."

ನಂದಿತಾಳ ಮುಖ ಕುಸಿಯಿತು. ಓಡಿಹೋಗಿ ಅವನ ಎದೆಗೆ ಅಂಟಿಕೊಂಡಳು. ಗೋಕುಲ ಕೈ ಚಾಚಿದ. ಅವಳು ಕಿಟಾರನೆ ಕಿರುಚಿದಳು. "ಮುಟ್ಬೇಡ! ಹೋಗು! ಹೋಗು ಇಲ್ಲಿಂದ!"

ಅವಳು ಗೋಕುಲನನ್ನು ಅಷ್ಟು ಭಯದಿಂದ ಯಾವತ್ತೂ ನೋಡಿರಲಿಲ್ಲ. ಆ ನೋಟಕ್ಕೇ ಅವನ ಕಾಲು ಗೋಡೆಗುಂಟ ಬಾಗಿಲ ಕಡೆಗೆ ಸರಿಯಿತು. ಹೊಸ್ತಿಲು ದಾಟಿತು. ಬಾಗಿಲು ಬಿತ್ತು. ಒಳಗಿನಿಂದ ಅವನದೇ ದನಿ ಅವಳನ್ನು ಸಮಾಧಾನ ಮಾಡುತ್ತಿತ್ತು.

ಬಾಗಿಲು ಬಡಿದ. ಬಡಿದ. ಕೈ ಸೋತಿತು. ಮೆಟ್ಟಿಲ ಕತ್ತಲಲ್ಲಿ ಗೋಡೆ ಹಿಡಿದು ಇಳಿದ. ದಿನವೂ ನಗುತ್ತಾ ನಮಸ್ಕಾರ ಹೇಳುತ್ತಿದ್ದ ಸೆಕ್ಯೂರಿಟಿ ಶ್ರೀರಾಮಪ್ಪ ಗೇಟಿನ ಬಳಿ ಕುರ್ಚಿಯಿಂದೆದ್ದು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ.

"ಯಾವ ಫ್ಲಾಟ್ ಸಾರ್? ನಿಮ್ಮ ಹೆಸರೇನು?"

ಹೇಳಲು ಬಾಯಿ ತೆರೆದ. ಹೆಸರು ನೆನಪಾಗಲಿಲ್ಲ.